ನನ್ನ ಹೆಸರಲ್ಲಿ ಕೊಟ್ಟ ಕಾಲು

ಈಸ್ಟರಿಗೆ ಮುಂಚಿನ ತಪಸ್ಸುಕಾಲದ ನಾಲ್ಕನೇ ಭಾನುವಾರ ಬೆಳಗಿನ ಪೂಜೆ ಮುಗಿಸಿ ಹೊರಗೆ ಬಂದವಳು ಚರ್ಚಿನ ನೋಟಿಸ್ ಬೋರ್ಡಿನ ಮುಂದೆ ನಿಂತೆ. ಸಾಮಾನ್ಯವಾಗಿ ನಾನು ಅದನ್ನು ಓದುವುದಿಲ್ಲ. ಮದುವೆಯ ಪ್ರಕಟಣೆ, ಹೂವಿನ ಸರದಿ, ಕಸ ಗುಡಿಸುವ ಸರದಿ, ಇಷ್ಟೇ ಇರುತ್ತದೆ. ಅವತ್ತು ಬೋರ್ಡಿನ ಅರ್ಧಭಾಗವನ್ನು ಒಂದೇ ಚಾರ್ಟ್ ಪೇಪರ್ ತುಂಬಿತ್ತು. ಮೇಲೆ ನನ್ನ ಗಂಡನ ಹೆಸರು, ಅದರ ಹಿಂದೆ ಹವಾಲ್ದಾರ್ ಎಂಬ ಪದವಿ. ಶುಭ ಶುಕ್ರವಾರದ ದಿನ ಗುಡ್ಡದ ಮೇಲಿನ ಶಿಲುಬೆ ಹಾದಿಯನ್ನು ಈ ವರ್ಷದಿಂದ ಅವರ ನೆನಪಿನಲ್ಲಿ ಬರಿಗಾಲಲ್ಲಿ ನಡೆಯಲಾಗುವುದು, ಹರಕೆ ಇರುವವರು ಹೆಸರು ಬರೆಯಬೇಕು ಎಂದಿತ್ತು. 'ಮಡದಿಯ ಪ್ರಾಣಕ್ಕಾಗಿ ತನ್ನ ಪಾದವನ್ನೇ ಅರ್ಪಿಸಿದ ಯೋಧ' ಎಂಬ ಸಾಲು ಕೆಂಪು ಸ್ಕೆಚ್ ಪೆನ್ನಿನಲ್ಲಿ. ಪಕ್ಕದಲ್ಲಿ ಒಂದು ಪಾದದ ಚಿತ್ರ, ಅದರಲ್ಲಿ ಮುಳ್ಳು, ಮೂರು ಹನಿ ರಕ್ತ.

ಆ ಮಡದಿ ನಾನು.

ಕೆಳಗೆ ಏಳು ಜನ ಆಗಲೇ ಹೆಸರು ಬರೆದಿದ್ದರು. ಮೊದಲನೆಯದು ನಮ್ಮ ಟೈಲರನದು. ಇವರ ಬ್ಯಾಂಕಿನ ಯೂನಿಫಾರ್ಮನ್ನು ವರ್ಷಗಟ್ಟಲೆ ಹೊಲಿದವನು. ಅವನಿಗೆ ಶುಗರ್ ಇರುವುದು ನನಗೆ ಗೊತ್ತು, ಯಾಕೆಂದರೆ ರಕ್ತ ಪರೀಕ್ಷೆ ಮಾಡುವ ನಮ್ಮ ಮನೆಯ ಮಿಷನ್ನನ್ನೇ ತಿಂಗಳಿಗೊಂದು ಸಲ ಎರವಲು ಒಯ್ಯುತ್ತಿದ್ದ. ಆ ಹೆಸರು ಓದಿದಾಗ ನನ್ನ ಕೈ ತಾನಾಗಿ ಮೇಲೆದ್ದಿತು. ನಾಲ್ಕು ಮೂಲೆಯ ಪಿನ್ನನ್ನೂ ಕಿತ್ತೆ. ಚಾರ್ಟನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದೆ. ಕಾನ್ವೆಂಟಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದ ಹೆಂಗಸು ಚರ್ಚಿನ ನೋಟಿಸ್ ಕದ್ದಳು ಎಂದು ಯಾರಾದರೂ ಆಡಿಕೊಂಡರೆ ಆಡಿಕೊಳ್ಳಲಿ. ಅದು ಮತ್ತೆ ಬೋರ್ಡಿಗೆ ಏರಿದರೆ ಇನ್ನೊಬ್ಬರ ಕಾಲು ಹೋಗುತ್ತದೆ. ಅಷ್ಟು ಮಾತ್ರ ನನಗೆ ಸ್ಪಷ್ಟವಿತ್ತು.

ಚಾರ್ಟನ್ನು ಮೇಜಿನ ಮೇಲೆ ಬಿಚ್ಚಿದಾಗ ಮೊಮ್ಮಗಳು ಬಂದು ನೋಡಿದಳು. ಹನ್ನೆರಡು ವರ್ಷದ ಹುಡುಗಿ, ಮಗನ ಮಗಳು. ಆ ಪಾದವನ್ನು ಬರೆದವಳು ಅವಳೇ ಅಂತೆ. ಭಾನುವಾರದ ಧರ್ಮೋಪದೇಶದ ಕ್ಲಾಸಿನಲ್ಲಿ ಫಾದರ್ ಬರೆಸಿದ್ದರಂತೆ. ಯಾಕೆ ಕಿತ್ತುಕೊಂಡು ಬಂದಿರಿ ಎಂದು ಕೇಳಿದಳು. ಅದರಲ್ಲಿ ಬರೆದಿರುವುದು ಸುಳ್ಳು ಎಂದೆ.

"ತಾತ ಮಾಡಿದ್ದು ತಪ್ಪಾ ಅಜ್ಜಿ?"

"ತಪ್ಪು" ಎಂದೆ.

ಅವಳು ಅಳುತ್ತಾ ಒಳಗೆ ಹೋದಳು. ಸೊಸೆ ನನ್ನನ್ನು ದುರುಗುಟ್ಟಿ ನೋಡಿದಳು. ಆ ಮಾತನ್ನು ನಾನು ಇವತ್ತಿಗೂ ವಾಪಸ್ ತೆಗೆದುಕೊಂಡಿಲ್ಲ. ಆದರೆ ಬರಿಯ ತಪ್ಪು ಎಂದರೆ ಸಾಲದು, ಪೂರ್ತಿ ಹೇಳಬೇಕು. ಇವರ ಬಗ್ಗೆ ಬೇರೆಯವರೆಲ್ಲ ಮಾತಾಡಿಯಾಗಿದೆ.

ಇವರು ತಾಳ್ಯದ ಕಡೆಯವರು. ಹೊಳಲ್ಕೆರೆಗೆ ಬರುತ್ತಿದ್ದ ಪಾದ್ರಿಗಳ ಹತ್ತಿರ ಇವರ ತಾತನ ಕಾಲದಲ್ಲೇ ದೀಕ್ಷಾಸ್ನಾನ ಪಡೆದ ಮನೆ. ಹೊಲದಲ್ಲಿ ಕೂಲಿ ಮಾಡುತ್ತಿದ್ದ ಹುಡುಗ ಹದಿನೆಂಟಕ್ಕೆ ಮಿಲಿಟರಿ ಸೇರಿದರು. ನಮ್ಮ ಮದುವೆ ನಿಶ್ಚಯವಾದ ಮೇಲೆ ನನಗೆ ಬರೆದ ಮೊದಲ ಕಾಗದ ಇಂಗ್ಲಿಷಿನಲ್ಲಿತ್ತು. 'ರೆಸ್ಪೆಕ್ಟೆಡ್ ಮೇಡಂ' ಎಂದು ಶುರುವಾಗಿ 'ಯುವರ್ಸ್ ಫೇತ್‌ಫುಲಿ' ಎಂದು ಮುಗಿದಿತ್ತು. ಹಾಸ್ಟೆಲಿನ ಗೆಳತಿಯರೆಲ್ಲ ಓದಿ ನಕ್ಕರು. ನಾನೂ ನಕ್ಕೆ. ಆಮೇಲೆ ಯೋಚಿಸಿದರೆ, ಫೇತ್‌ಫುಲಿ ಎಂಬ ಶಬ್ದಕ್ಕೆ ಅವರಷ್ಟು ಅರ್ಥ ಕೊಟ್ಟವರನ್ನು ನಾನು ನೋಡಿಲ್ಲ. ಅದೇ ನನ್ನ ತಕರಾರು.

ಹಿಮದ ಬೆಟ್ಟದ ಡ್ಯೂಟಿಯಲ್ಲಿ ಎಡಗಾಲಿನ ಎರಡು ಬೆರಳು ಕೊಳೆತು, ಕತ್ತರಿಸಬೇಕಾಯಿತು. ಅದಕ್ಕೆ ಅವರು ಯಾವತ್ತೂ ಶತ್ರುವನ್ನು ದೂರಲಿಲ್ಲ, ಒದ್ದೆ ಕಾಲುಚೀಲ ಬದಲಿಸದ ತನ್ನ ಸೋಮಾರಿತನವನ್ನೇ ದೂರುತ್ತಿದ್ದರು. ಹವಾಲ್ದಾರ್ ಆದ ಮೇಲೆ ತನ್ನ ಕೈಕೆಳಗಿನ ಹುಡುಗರನ್ನು ಸಂಜೆ ಸಾಲಾಗಿ ಕೂರಿಸಿ ಒಬ್ಬೊಬ್ಬರ ಅಂಗಾಲು ನೋಡುತ್ತಿದ್ದರಂತೆ. ಗಾಯ ಮುಚ್ಚಿಟ್ಟವನಿಗೆ ಶಿಕ್ಷೆ. ನೋವು ನಿನ್ನದೇ ಇರಬಹುದು, ಕಾಲು ಮಾತ್ರ ಸರ್ಕಾರದ್ದು ಎಂದು ಬೈಯುತ್ತಿದ್ದರಂತೆ. ಮನೆಗೆ ಬಂದ ಮೇಲೂ ಅಭ್ಯಾಸ ಬಿಡಲಿಲ್ಲ. ಮಗ ಸ್ಕೂಲಿಗೆ ಹೊರಡುವಾಗ, ಆಮೇಲೆ ಮೊಮ್ಮಗಳು ಹೊರಡುವಾಗ, "ಪೈರ್ ದಿಖಾವ್" ಎಂದು ಹಿಂದಿಯಲ್ಲಿ ಗದರಿಸುತ್ತಿದ್ದರು. ಮಗು ಕಿಲಕಿಲ ನಗುತ್ತಾ ಕಾಲೆತ್ತಿ ಇವರ ತೊಡೆಯ ಮೇಲೆ ಇಡುತ್ತಿತ್ತು.

ಪೆನ್ಷನ್ ಬಂದ ಮೇಲೆ ಬ್ಯಾಂಕಿನಲ್ಲಿ ಗಾರ್ಡ್ ಆದರು. ಮೊದಲು ಹೊಸದುರ್ಗ, ಆಮೇಲೆ ಹಿರಿಯೂರು. ನನ್ನ ಶಾಲೆಗಾಗಿ ಮನೆ ಚಿತ್ರದುರ್ಗದಲ್ಲೇ ಉಳಿಯಿತು. ಅವರು ಬಸ್ಸಿನಲ್ಲಿ ಓಡಾಡಿದರು, ಒಂದು ದಿನವೂ ಗೊಣಗಲಿಲ್ಲ. ಹೊಸದುರ್ಗದ ಬ್ಯಾಂಕಿನ ಅಟೆಂಡರ್ ಪ್ರತಿ ವರ್ಷ ಹಾಲುರಾಮೇಶ್ವರಕ್ಕೆ ಹರಕೆ ಒಪ್ಪಿಸಲು ಹೋಗುವವನು. ನಿಮ್ಮ ದೇವ್ರಿಗೆ ಹರಕೆ ಇಲ್ವೇನಪ್ಪ ಎಂದು ಇವರನ್ನು ಚುಡಾಯಿಸುತ್ತಿದ್ದನಂತೆ. ನಮ್ಮ ದೇವ್ರು ತಾನೇ ಎಲ್ಲ ಕೊಟ್ಟು ಕುಂತೈತೆ, ನಾನೇನು ಕೊಡಾಕಾಗ್ತೈತೆ ಎಂದು ಇವರು ನಗುತ್ತಿದ್ದರಂತೆ. ಇದನ್ನು ನನಗೆ ಹೇಳಿದವರು ಸ್ವತಃ ಇವರೇ. ಮರೆತರೋ, ಮನಸ್ಸು ಬದಲಾಯಿಸಿಕೊಂಡರೋ, ಕೇಳೋಣವೆಂದರೆ ಮನುಷ್ಯನೇ ಇಲ್ಲ.

ಭಕ್ತಿ ಇತ್ತು, ಇಲ್ಲವೆನ್ನುವುದಿಲ್ಲ. ಬೆಳಗಿನ ಪೂಜೆ ತಪ್ಪಿಸಿದವರಲ್ಲ. ಸಂಜೆ ಏಳಕ್ಕೆ ಜಪಸರ, ಮೊಣಕಾಲ ಮೇಲೆ. ಮಿಲಿಟರಿ ಕ್ಯಾಂಟೀನಿನಿಂದ ಬರುವ ರಮ್ಮನ್ನು ಭಾನುವಾರ ಒಂದು ಪೆಗ್ ಕುಡಿಯುವವರು, ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಬಂತೆಂದರೆ ಬಾಟಲಿಯನ್ನು ಬೀರುವಿನಲ್ಲಿಟ್ಟು ಬೀಗದ ಕೈಯನ್ನು ನನಗೆ ಕೊಡುತ್ತಿದ್ದರು. ಈಸ್ಟರ್ ದಿನ ಕೈ ಚಾಚುತ್ತಿದ್ದರು. ಆ ಬೀಗದ ಕೈ ನನ್ನ ಹತ್ತಿರ ಇರುತ್ತಿತ್ತು ಅನ್ನುವುದೇ ನನಗೆ ಇಷ್ಟದ ಸಂಗತಿ. ಅವರ ತಪಸ್ಸಿನಲ್ಲಿ ನನಗೂ ಒಂದು ಕೆಲಸವಿತ್ತು.

ಅರವತ್ತಕ್ಕೆ ಶುಗರ್ ಬಂತು. ಮೆಲ್ಲಗೆ ಅಂಗಾಲಿನ ಸ್ಪರ್ಶ ಹೋಯಿತು. ಬಿಸಿ, ತಂಪು, ಚುಚ್ಚಿದ್ದು, ಒತ್ತಿದ್ದು ಏನೂ ತಿಳಿಯದು. ಮನೆಯೊಳಗೂ ಚಪ್ಪಲಿ ಬಿಡಬಾರದು ಎಂದು ಡಾಕ್ಟರ್ ಹೇಳಿದರು. ಆವತ್ತಿನಿಂದ ಪ್ರತಿ ಸಂಜೆ ಜಪಸರಕ್ಕೆ ಮೊದಲು ಅವರ ಕಾಲು ನನ್ನ ಮಡಿಲಿಗೆ ಬರುತ್ತಿತ್ತು. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಬೆರಳ ಸಂದಿ ಒರೆಸಿ, ಕನ್ನಡಕ ಹಾಕಿಕೊಂಡು ಅಂಗಾಲನ್ನು ಅಂಗುಲ ಅಂಗುಲ ನೋಡುತ್ತಿದ್ದೆ. ಹದಿಮೂರು ವರ್ಷ ನೋಡಿದೆ. ಒಂದು ಗೀರು ಕೂಡ ನನ್ನ ಕಣ್ಣು ತಪ್ಪಲಿಲ್ಲ. ನಾವಿಬ್ಬರೂ ಮಾತಾಡುತ್ತಿದ್ದುದೇ ಆ ಹೊತ್ತಿನಲ್ಲಿ. ಮಿಕ್ಕಂತೆ ಅವರು ಮಾತು ಕಡಿಮೆಯ ಮನುಷ್ಯ.

ಮೂರು ವರ್ಷದ ಹಿಂದೆ, ಜನವರಿಯಲ್ಲಿ, ನನ್ನ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಡಾಕ್ಟರ್ ಸೂಜಿ ಹಾಕಿ ಅದರ ಚೂರು ತೆಗೆದು ಪರೀಕ್ಷೆಗೆ ದಾವಣಗೆರೆಗೆ ಕಳಿಸಿದರು. ರಿಪೋರ್ಟಿಗೆ ಹತ್ತು ದಿನ. ಆ ಹತ್ತು ದಿನ ಇವರು ನನ್ನ ಜೊತೆ ಗಂಟಿನ ಬಗ್ಗೆ ಒಂದು ಮಾತಾಡಲಿಲ್ಲ. ದೇವರ ಹತ್ತಿರ ನನ್ನ ಬಗ್ಗೆ ಮಾತಾಡಿದರು, ನನ್ನ ಹತ್ತಿರ ಮಾತಾಡಲಿಲ್ಲ. ರಿಪೋರ್ಟ್ ಬಂತು. ಏನೂ ಇಲ್ಲ, ಬರಿಯ ಕೊಬ್ಬಿನ ಗಂಟು. ಇವರು ಅದನ್ನು ಎರಡು ಸಲ ಓದಿ, ಮಡಚಿ, ಪ್ರಾರ್ಥನೆಯ ಪುಸ್ತಕದಲ್ಲಿಟ್ಟರು. ನಾನು ಶಾವಿಗೆ ಪಾಯಸ ಮಾಡಿದೆ, ಇವರ ಪಾಲಿಗೆ ಸಕ್ಕರೆ ಇಲ್ಲದ್ದು. ಇಬ್ಬರೂ ತಿಂದೆವು. ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ನಾನು ಉಳಿದರೆ ತಪಸ್ಸುಕಾಲದ ಅಷ್ಟೂ ಶುಕ್ರವಾರ ಗುಡ್ಡದ ಶಿಲುಬೆ ಹಾದಿಯನ್ನು ಬರಿಗಾಲಲ್ಲಿ ನಡೆಯುತ್ತೇನೆ ಎಂದು ಹರಕೆ ಹೊತ್ತಿದ್ದರು. ಊರಾಚೆಯ ಆ ಗುಡ್ಡ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಬುಡದಿಂದ ತುದಿಯವರೆಗೆ ಹದಿನಾಲ್ಕು ಶಿಲುಬೆ, ಒಂದೊಂದರ ಮುಂದೆಯೂ ನಿಂತು ಪ್ರಾರ್ಥಿಸಿ ಮೇಲೆ ಹೋಗಬೇಕು. ಬರೀ ಬಂಡೆ, ಬಂಡೆಯ ಸಂದಿಯಲ್ಲಿ ಜಾಲಿ. ಮಾರ್ಚ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಅಲ್ಲಿ ರೊಟ್ಟಿ ಸುಡಬಹುದು. ಮನೆಯಿಂದ ಚಪ್ಪಲಿ ಹಾಕಿಕೊಂಡೇ ಹೊರಡುತ್ತಿದ್ದರು. ಗುಡ್ಡದ ಬುಡದಲ್ಲಿ ಎಳನೀರು ಮಾರುವವಳ ಗಾಡಿಯ ಕೆಳಗೆ ಬಿಟ್ಟು ಹತ್ತುತ್ತಿದ್ದರು. ಇಳಿದು, ಕಾಲೊರೆಸಿ, ಹಾಕಿಕೊಂಡು ಮನೆಗೆ ಬರುತ್ತಿದ್ದರು. ಮೊದಲ ನಾಲ್ಕು ವಾರ ಸಂಜೆ ಅಂಗಾಲು ಕೆಂಪಗಿದ್ದದ್ದು ಕಂಡಿತ್ತು, ಬಿಸಿಲಲ್ಲಿ ನಡೆದದ್ದಕ್ಕೆ ಅಂದುಕೊಂಡಿದ್ದೆ. ನನ್ನ ಮಂಡಿಗೆ ಆ ಗುಡ್ಡ ಆಗುತ್ತಿರಲಿಲ್ಲ. ಹತ್ತುವವರು ನೋಡಿದರು, ಯಾರೂ ನನಗೆ ಹೇಳಲಿಲ್ಲ. ಹರಕೆಯ ಗುಟ್ಟು ಒಡೆಯಬಾರದಂತೆ.

ಐದನೇ ಶುಕ್ರವಾರ ಸಂಜೆ ನಾನು ನೀರು ಕಾಯಿಸಿ ತಂದರೆ, ಇವರು ಬಚ್ಚಲಿನಿಂದ ಕಾಲೊರೆಸಿಕೊಂಡು ಬಂದರು.

"ಇನ್ಮೇಲೆ ನಾನೇ ನೋಡ್ಕಂತೀನಿ ಬಿಡೆ. ನಿನ್ನ ಮಂಡಿ ನೋವು ಐತೆ" ಎಂದರು.

ನನಗೆ ಸಂತೋಷವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಹದಿಮೂರು ವರ್ಷದಲ್ಲಿ ಮೊದಲ ಸಲ ಸಂಜೆ ಒಂದು ಗಂಟೆ ಬಿಡುವು ಸಿಕ್ಕಿತು. ನಾನು ಟಿವಿ ನೋಡಿದೆ.

ಮುಳ್ಳು ಹೊಕ್ಕಿತ್ತು. ಇವರಿಗೆ ನೋವಾಗಿರಲಿಲ್ಲ, ಆದರೆ ಕಣ್ಣಿಗೆ ಕಂಡಿತ್ತು. ತಾವೇ ಕಿತ್ತು, ಮಿಲಿಟರಿಯಲ್ಲಿ ಕಲಿತ ಹಾಗೆ ನೀಟಾಗಿ ಬ್ಯಾಂಡೇಜ್ ಸುತ್ತಿ, ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿ, ಕಾಲುಚೀಲ ಹಾಕಿದ್ದರು. ಅದೇ ಕಾಲಲ್ಲಿ ಆರನೇ ಶುಕ್ರವಾರ ನಡೆದರು. ಶುಭ ಶುಕ್ರವಾರವೂ ನಡೆದರು.

ಈಸ್ಟರ್ ಕಳೆದ ಮಾರನೇ ದಿನ ಮನೆಯಲ್ಲಿ ವಾಸನೆ. ಇಲಿ ಸತ್ತಿರಬೇಕು ಎಂದಳು ಸೊಸೆ. ಎಲ್ಲರೂ ಹುಡುಕಿದೆವು. ಮಂಚದ ಕೆಳಗೆ, ಅಕ್ಕಿ ಡಬ್ಬದ ಹಿಂದೆ. ಮಗ ಹಿರಿಯೂರಿನ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು, ಗಟ್ಟಿಮುಟ್ಟಾದವನು, ಒಬ್ಬನೇ ಬೀರು ಸರಿಸಿದ. ಬೀರುವಿನ ಹಿಂದಕ್ಕೆ ಟಾರ್ಚ್ ಬಿಟ್ಟವರು ಇವರು. ಹೌದು, ಇವರೇ. ವಾಸನೆ ಎಲ್ಲಿಂದ ಎಂದು ಗೊತ್ತಿದ್ದೂ ಬಗ್ಗಿ, ಟಾರ್ಚ್ ಹಿಡಿದು, ನಮ್ಮ ಜೊತೆ ಇಲಿ ಹುಡುಕಿದರು. ಎರಡು ದಿನ. ಇಲಿಯೇನಾದ್ರೂ ಸಿಕ್ಕಿತಾ ಎಂದು ಸೊಸೆಯನ್ನು ಕೇಳಿದರು ಕೂಡ.

ಇದನ್ನು ನಾನು ಕ್ಷಮಿಸಿಲ್ಲ. ಪಾಪನಿವೇದನೆಯಲ್ಲಿ ಪ್ರತಿ ಸಲ ಗಂಡನನ್ನು ಕ್ಷಮಿಸಿಲ್ಲ ಎಂದಷ್ಟೇ ಹೇಳುತ್ತೇನೆ, ಪ್ರಾರ್ಥಿಸಿ ಎನ್ನುತ್ತಾರೆ ಫಾದರ್, ಪ್ರಾರ್ಥಿಸುತ್ತೇನೆ, ಸಿಟ್ಟು ಹಾಗೇ ಇದೆ.

ಮೂರನೇ ದಿನ ಜಪಸರದಲ್ಲಿ ಅವರ ಹಿಂದೆ ಮೊಣಕಾಲೂರಿದಾಗ ನನಗೆ ತಿಳಿಯಿತು. ಕಾಲುಚೀಲ ಎಳೆದೆ. ಅವರು ತಡೆಯಲಿಲ್ಲ. ಆಸ್ಪತ್ರೆಯಲ್ಲಿ ಮೊದಲು ಪಾದ ತೆಗೆದರು, ವಾರಕ್ಕೆ ಮಂಡಿಯ ಕೆಳಗಿನವರೆಗೆ ತೆಗೆದರು. ನಂಜು ಮೇಲೇರಿ ಕಿಡ್ನಿಗೆ ಹೋಯಿತು. ಒಂದು ಮಧ್ಯಾಹ್ನ ವಾರ್ಡಿನಲ್ಲಿ, ಇದು ಹೇಗಾಯಿತು ಎಂದು ನಾನು ಕೇಳಿಯೇಬಿಟ್ಟೆ.

"ಹರಕೆ ಕಣೆ" ಎಂದರು. "ನಿನಗೋಸ್ಕರ."

"ರಿಪೋರ್ಟ್ ಬಂದ ಮೇಲೆ ನಡೆದಿದ್ದೀರಿ. ನನಗೆ ಏನೂ ಇಲ್ಲ ಅಂತ ಗೊತ್ತಾದ ಮೇಲೆ. ಯಾಕೆ?"

"ಮಾತು ಕೊಟ್ಟಿದ್ನಲ್ಲ."

"ನನ್ನ ಕೇಳಿದ್ರಾ? ಪರ್ಮಿಷನ್ ತಗೊಂಡ್ರಾ?"

ಅವರು ನಕ್ಕರು. "ಕೇಳಿದ್ರೆ ನೀನು ಬಿಡ್ತಿದ್ಯೇನೆ?"

ನಾನು ಮುಖ ತಿರುಗಿಸಿ ಕೂತೆ. ಸಾಯುವವರಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಅಂತಿಮ ಅಭ್ಯಂಗ ಕೊಡಲು ಬಂದ ಫಾದರ್ ಹಾಸಿಗೆಯ ಪಕ್ಕದಲ್ಲೇ ನಿಂತಿದ್ದರು, ನರ್ಸೂ ಇದ್ದಳು, ಗುಟ್ಟಿನ ಮಾತೇನಲ್ಲ. ಜೂನಿನಲ್ಲಿ ಸ್ಕೂಲು ತೆರೆಯುವ ಮೊದಲೇ ಇವರು ಹೋದರು. ಸಾವಿನ ಪೂಜೆಯಲ್ಲಿ ಫಾದರ್ ಹರಕೆಯ ಕಥೆ ಹೇಳಿದರು. ಜನ ಕಣ್ಣೊರೆಸಿಕೊಂಡರು. ನಿವೃತ್ತ ಸೈನಿಕರು ಹೂಗುಚ್ಛವಿಟ್ಟು ಸೆಲ್ಯೂಟ್ ಹೊಡೆದರು. ಹೆಂಗಸರು ನನ್ನ ಕೈ ಹಿಡಿದು ಎಂಥ ಪುಣ್ಯವಂತೆ ನೀವು ಎಂದರು. ಹಳೇ ವಿದ್ಯಾರ್ಥಿನಿಯೊಬ್ಬಳು 'ಸೋ ರೊಮ್ಯಾಂಟಿಕ್, ಟೀಚರ್' ಎಂದಳು. ಅವತ್ತಿನಿಂದ ಈ ಊರಿನಲ್ಲಿ ನಾನು ಒಂದು ಕಾಲಿನ ಬೆಲೆಯ ಹೆಂಗಸು. ಕೊಬ್ಬಿನ ಗಂಟಿಗೆ ಒಬ್ಬ ಮನುಷ್ಯ. ಯಾರಾದರೂ ಇಷ್ಟು ಕೆಟ್ಟ ವ್ಯಾಪಾರ ಮಾಡಿದ್ದಾರೆಯೇ?

ಚಾರ್ಟ್ ಕಿತ್ತ ಮಾರನೇ ದಿನ ಫಾದರ್ ಹತ್ತಿರ ಹೋದೆ. ಚಿಕ್ಕ ವಯಸ್ಸಿನವರು, ಕರಾವಳಿಯ ಕಡೆಯವರು, ಒಳ್ಳೆಯವರೇ. ಕೂರಿಸಿ ಕಾಫಿ ಕೊಟ್ಟರು. ಜನರಿಗೆ ಮಾದರಿ ಬೇಕು, ಈ ಕಾಲದಲ್ಲಿ ಗಂಡಹೆಂಡತಿಯ ಪ್ರೀತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಎಲ್ಲಿ ಸಿಗುತ್ತದೆ ಎಂದರು. ಪ್ರೀತಿ ಇದ್ದಿದ್ದರೆ ಕಾಲು ತೋರಿಸಬೇಕಿತ್ತು ಎಂದೆ.

"ಅಮ್ಮ, ನಿಮ್ಮ ದುಃಖ ನನಗೆ ಅರ್ಥವಾಗುತ್ತದೆ."

"ದುಃಖ ಅಲ್ಲ ಫಾದರ್. ಸಿಟ್ಟು. ಎರಡೂ ಬೇರೆ."

ಅವರು ಕಾಫಿ ಲೋಟವನ್ನು ನನ್ನ ಹತ್ತಿರ ಸರಿಸಿದರು. ಆಮೇಲೆ, ಹೆಸರು ಕೊಟ್ಟವರನ್ನು ತಡೆಯಲು ತನಗೆ ಅಧಿಕಾರವಿಲ್ಲ, ಹರಕೆ ಅವರ ಮತ್ತು ದೇವರ ನಡುವಿನದು ಎಂದರು. ನಾವು ಕಾನ್ವೆಂಟಿನಲ್ಲಿದ್ದಾಗ ಹಲ್ಲು ನೋವೆಂದರೂ ಸಿಸ್ಟರ್ 'ಆಫರ್ ಇಟ್ ಅಪ್, ಮೈ ಚೈಲ್ಡ್' ಎನ್ನುತ್ತಿದ್ದರು. ನೋವನ್ನು ದೇವರಿಗೆ ಒಪ್ಪಿಸಬೇಕು, ನಿಜ. ಆದರೆ ನೋವೇ ತಿಳಿಯದ ಕಾಲನ್ನು ಒಪ್ಪಿಸುವುದು ಯಾವ ತ್ಯಾಗ? ಅದು ಹುಚ್ಚು. ಇದನ್ನೇ ಹೇಳಿ, ಕಾಫಿ ಅರ್ಧಕ್ಕೇ ಬಿಟ್ಟು ಎದ್ದುಬಂದೆ.

ಅಲ್ಲಿಂದ ಸೀದಾ ಟೈಲರನ ಅಂಗಡಿಗೆ. ಹೆಂಡತಿ ತೀರಿಕೊಂಡ ಮೇಲೆ ಅವನು ಮಗ ಸೊಸೆಯ ಜೊತೆ ಇದ್ದಾನೆ. ಸೊಸೆಗೆ ಎರಡು ಸಲ ಗರ್ಭ ನಿಂತಿರಲಿಲ್ಲ, ಈಗ ಮತ್ತೆ ಆರು ತಿಂಗಳು. ಅವನ ಹರಕೆ ಏನೆಂದು ಕೇಳುವುದೇ ಬೇಡ.

"ಬರ್ರಿ ಅಕ್ಕಾರೆ, ಕುಂತ್ಕಳ್ರಿ" ಎಂದ. "ನಿಮ್ಮ ಯಜಮಾನ್ರ ದಾರೀಲೇ ಹೊಂಟಿದೀನಿ ನೋಡ್ರಿ."

"ಕಾಲು ತೋರಿಸು."

ಅವನು ಬೆಪ್ಪಾದ. ನಾನು ಸ್ಟೂಲಿನಿಂದ ಇಳಿದು ನೆಲದ ಮೇಲೆ ಕೂತೆ. ಇಳಿದರೆ ಏಳುವುದು ಕಷ್ಟವೆಂದು ಗೊತ್ತಿದ್ದೇ ಕೂತೆ. ನಾಚಿಕೆಯಿಂದ ಮುದುರಿಕೊಂಡು ಬಲಗಾಲು ಮುಂದೆ ಮಾಡಿದ. ಬೆರಳಿನ ಬುಡದಲ್ಲಿ, ಹೊಲಿಗೆ ಮಿಷನ್ನಿನ ಪೆಡಲ್ ಉಜ್ಜುವ ಜಾಗದಲ್ಲಿ, ನೀರುಗುಳ್ಳೆ ಒಡೆದು ಚರ್ಮ ಸುಲಿದಿತ್ತು. ಕೆಳಗೆ ಹಸಿ ಮಾಂಸ. ನನ್ನ ಫೋನಿನಲ್ಲಿ ಫೋಟೋ ತೆಗೆದು ತೋರಿಸಿದೆ. ಅವನು ಫೋನನ್ನು ನೋಡಿದ, ಕಾಲನ್ನು ನೋಡಿದ.

"ಇದ್ಯಾವಾಗ ಆತು?"

"ನಿನಗೇ ಗೊತ್ತಿಲ್ಲ. ಗುಡ್ಡ ಹತ್ತುತ್ತೀಯಾ?"

ಆದರೂ ಅವನು ಬಗ್ಗಲಿಲ್ಲ. ಬ್ಯಾಂಡೇಜ್ ಹಾಕಿಸ್ಕಂತೀನಿ, ಆದ್ರೆ ಮಾತು ಕೊಟ್ಟಾಗೈತೆ, ಈಗ ಹಿಂದೆ ಸರಿದ್ರೆ ಕೂಸಿಗೇನಾದ್ರೂ ಆದ್ರೆ ಯಾರು ಹೊಣೆ ಎಂದ. ಮಾತು ಕೊಟ್ಟಾಗಿದೆ. ಅದೇ ಮಾತು, ಇನ್ನೊಂದು ಬಾಯಿಂದ. ಇಲಿಯ ಕಥೆಯನ್ನು ನಾನು ಹೊರಗಿನ ಯಾರಿಗೂ ಹೇಳಿರಲಿಲ್ಲ. ಅವನಿಗೆ ಹೇಳಿದೆ, ಟಾರ್ಚಿನ ಸಮೇತ. ಅವನು ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಕೊನೆಗೆ, "ನಾನೇ ಹೊಣೆ ಅಂತ ದೇವರಿಗೆ ಹೇಳು. ನನ್ನ ಹೆಸರು ಹೇಳು" ಎಂದೆ. ಅವನು ಮಿಷನ್ನಿಗೆ ತಿರುಗಿ ಪೆಡಲ್ ತುಳಿಯತೊಡಗಿದ. ನನ್ನನ್ನು ಎಬ್ಬಿಸಿ ನಿಲ್ಲಿಸಲು ಅವನ ಸೊಸೆಯೇ ಬರಬೇಕಾಯಿತು. ಆ ತುಂಬಿದ ಹೊಟ್ಟೆಯ ಹುಡುಗಿ ನನ್ನ ತೋಳು ಹಿಡಿದು ಎತ್ತುವಾಗ, ಮಾವನಿಗೆ ನೀವೇ ಏನಾದರೂ ಹೇಳಿ, ನಾವು ಹೇಳಿದ್ದು ಕೇಳುವುದಿಲ್ಲ ಎಂದು ಪಿಸುಗುಟ್ಟಿದಳು. ಅವಳನ್ನೂ ಯಾರೂ ಕೇಳಿರಲಿಲ್ಲ.

ಮುಂದಿನ ಭಾನುವಾರ ಪೂಜೆಯ ಕೊನೆಯಲ್ಲಿ, ಪ್ರಕಟಣೆಗಳ ಹೊತ್ತಿಗೆ, ನಾನು ಎದ್ದು ಮೈಕಿನ ಹತ್ತಿರ ಹೋದೆ. ಪೂಜೆಯಲ್ಲಿ ಬೈಬಲ್ ವಾಚನ ಓದುವವಳಾದ್ದರಿಂದ ಯಾರೂ ತಡೆಯಲಿಲ್ಲ. ನನ್ನ ಗಂಡ ಸತ್ತದ್ದು ಹರಕೆಯಿಂದಲ್ಲ, ಮುಚ್ಚಿಟ್ಟದ್ದರಿಂದ ಎಂದೆ. ಇಲಿ ಹುಡುಕಿದ್ದನ್ನು ಹೇಳಿದೆ. ನನ್ನ ಪ್ರಾಣ ಉಳಿಸಲು ಯಾರೂ ಕಾಲು ಕೊಡಬೇಕಾಗಿರಲಿಲ್ಲ, ಅದು ಆಗಲೇ ಉಳಿದಿತ್ತು ಎಂದೆ. ಚಾರ್ಟಿನಲ್ಲಿ ಹೆಸರು ಬರೆದ ಏಳು ಜನರ ಮನೆಯವರು ಇವತ್ತು ಸಂಜೆ ಅವರ ಕಾಲು ನೋಡಿ ಎಂದೆ. ಇಳಿದುಬರುವಾಗ ಹಿಂದಿನ ಸಾಲಿನಿಂದ ಯಾರೋ, ಗಂಡ ಪ್ರಾಣ ಕೊಟ್ರೂ ಉಪಕಾರ ಇಲ್ಲ ನೋಡು ಎಂದದ್ದು ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದು. ಫಾದರ್ ಮೈಕಿಗೆ ಬಂದು, ಶಿಲುಬೆ ಹಾದಿಯನ್ನು ಎಲ್ಲರೂ ಚಪ್ಪಲಿ ಹಾಕಿಕೊಂಡೇ ನಡೆಯಬೇಕು, ಯಾರ ಹೆಸರೂ ಇರುವುದಿಲ್ಲ ಎಂದರು. ಅದಕ್ಕೆ ಅವರಿಗೆ ಧೈರ್ಯ ಬೇಕಿತ್ತು, ಒಪ್ಪುತ್ತೇನೆ.

ಮೊಮ್ಮಗಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಬಂದು, ತಾತ ಟಾರ್ಚ್ ಹಿಡಿದಿದ್ದು ನನಗೂ ನೆನಪಿದೆ ಎಂದಳು. ನನ್ನ ಪಕ್ಕ ಕೂತಳು.

ಶುಭ ಶುಕ್ರವಾರ ಮಂಡಿಗೆ ಪಟ್ಟಿ ಕಟ್ಟಿಕೊಂಡು ನಾನೂ ಗುಡ್ಡ ಹತ್ತಿದೆ, ಮಗನ ತೋಳು ಹಿಡಿದು. ಇಬ್ಬರು ಬರಿಗಾಲಲ್ಲೇ ಬಂದಿದ್ದರು, ಗಟ್ಟಿ ಕಾಲಿನ ಹರೆಯದವರು. ಅವರನ್ನು ನಾನು ಏನೂ ಅನ್ನಲಿಲ್ಲ. ಟೈಲರ್ ದಪ್ಪ ಅಟ್ಟೆಯ ಹೊಸ ಚಪ್ಪಲಿ ಹಾಕಿದ್ದ. ಚಪ್ಪಲಿಯ ಪಟ್ಟಿಯ ಕೆಳಗೆ ಬ್ಯಾಂಡೇಜಿನ ಅಂಚು ಕಾಣುತ್ತಿತ್ತು. ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದ, ಒಂದು ಸಲವೂ ತಿರುಗಿ ನೋಡಲಿಲ್ಲ. ಅವನ ಹರಕೆ ಮುರಿದವಳು ನಾನು. ಸೊಸೆಗೆ ದಿನ ತುಂಬಲು ಇನ್ನೂ ಎರಡು ತಿಂಗಳಿತ್ತು. ಏನಾದರೂ ಹೆಚ್ಚುಕಡಿಮೆಯಾದರೆ ಅವನು ನನ್ನ ಮನೆ ಬಾಗಿಲಿಗೇ ಬಂದು ಕೇಳುತ್ತಾನೆ ಎಂದು ಗೊತ್ತಿತ್ತು. ಹತ್ತನೇ ಶಿಲುಬೆಯ ಹತ್ತಿರ ಬಿಸಿಲಿಗೆ ತಾಳಲಾರದೆ ಬಂಡೆಯ ನೆರಳಲ್ಲಿ ಕೂತ. ನೀರಿನ ಬಾಟಲಿ ಚಾಚಿದೆ. ತೆಗೆದುಕೊಂಡ, ಕುಡಿದ, ಮುಚ್ಚಳ ಹಾಕಿ ವಾಪಸ್ ಕೊಟ್ಟ, ಮುಖ ನೋಡಲಿಲ್ಲ. ಎದ್ದು, ಪಂಚೆ ಕೊಡವಿ, ಹನ್ನೊಂದನೆಯದಕ್ಕೆ ನಡೆದ.

ಇವತ್ತಿನವರೆಗೂ ಮಾತು ಬಿಟ್ಟಿದ್ದಾನೆ. ಬಿಡಲಿ. ಎರಡು ಕಾಲ ಮೇಲೆ ನಡೆದುಕೊಂಡು ನನ್ನ ಮನೆ ಮುಂದಿನಿಂದ ಹೋಗುತ್ತಾನಲ್ಲ, ಹಾಗೇ ಇನ್ನೂ ಇಪ್ಪತ್ತು ವರ್ಷ ಮಾತು ಬಿಡಲಿ.